ಸಾಹೇಬರ ಕೆಮ್ಮು

"ಇನ್ನೊಂದು ಸಲ ಕೆಮ್ಮಿ ಸಾರ್," ಎಂದಿತು ಹೆಡ್‌ಫೋನಿನೊಳಗಿನ ದನಿ.

ಅವನು ಕೆಮ್ಮಿದ. ಪರದೆಯ ಮೇಲೆ ಮುದಿ ಕರಡಿಯೊಂದು ಹಿಮದ ಗುಡ್ಡ ಹತ್ತುತ್ತ, ನಡುವೆ ಬಂಡೆಗೊರಗಿ ನಿಂತಿತ್ತು. ಮಕ್ಕಳ ಕಾರ್ಟೂನಿನ ಡಬ್ಬಿಂಗು. ಕರಡಿಗೆ ವಯಸ್ಸಾಗಿದೆಯೆಂದು ಮಕ್ಕಳಿಗೆ ತಿಳಿಯಬೇಕು, ಆದರೆ ಯಾವ ಮಗುವೂ ಹೆದರಿ ಅಮ್ಮನ ಸೆರಗು ಹಿಡಿಯಬಾರದು. ಅಷ್ಟು ಅಳತೆಯ ಕೆಮ್ಮು ಬೇಕಿತ್ತು. ಅವನ ಗಂಟಲಿನಲ್ಲಿ ಕೆಮ್ಮುಗಳದ್ದೇ ಒಂದು ಕಪಾಟಿತ್ತು. ಬೀಡಿ ಸೇದುವವರ ಕೆಮ್ಮು, ಸುಳ್ಳು ಹೇಳುವುದಕ್ಕೆ ಮುಂಚಿನ ಕೆಮ್ಮು, ಬಾಗಿಲು ತಟ್ಟುವ ಬದಲು ಕೆಮ್ಮಿಯೇ ಒಳಗೆ ಬರುವ ಹಿರಿಯರ ಕೆಮ್ಮು. ಇವತ್ತು ಅವನು ತೆಗೆದದ್ದು ಮನೆಯಲ್ಲೇ ಸಿಕ್ಕ ಹೊಸ ಸರಕನ್ನು. ಒಣಗಿದ, ಮೆಲುವಾದ, ಯಾರಿಗೂ ತೊಂದರೆ ಕೊಡಲು ಇಷ್ಟವಿಲ್ಲದಂಥ ಕೆಮ್ಮು. ಕೊನೆಯಲ್ಲಿ ಏನೋ ಮೇಲೆ ಬಂದು ಮತ್ತೆ ಒಳಗೇ ಇಳಿದುಹೋದ ಹಾಗೆ ಸಣ್ಣದೊಂದು 'ಗಕ್'.

ಗಾಜಿನಾಚೆ ರೆಕಾರ್ಡಿಸ್ಟ್ ಹೆಬ್ಬೆರಳು ಎತ್ತಲಿಲ್ಲ. ಎದ್ದು, ದಪ್ಪ ಬಾಗಿಲು ತಳ್ಳಿಕೊಂಡು ಬೂತಿನೊಳಕ್ಕೇ ಬಂದ. ಎಂಥ ಕೆಟ್ಟ ಟೇಕ್ ಆದರೂ ಕುರ್ಚಿ ಬಿಟ್ಟು ಏಳದ ಆಸಾಮಿ ಅವನು.

"ಗಿಳಿ ಸಾರ್, ಇದು ಯಾರ ಕೆಮ್ಮು?"

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಗಿಳಿ ಎಂದೇ ಕರೆಯುತ್ತಿದ್ದರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಚಹಾ ಮುಗಿಸುವಷ್ಟರಲ್ಲಿ ಅವರಿಗೇ ಅದನ್ನು ವಾಪಸ್ ಕೊಡುತ್ತಿದ್ದ.

"ಕರಡೀದು," ಎಂದ.

"ತಮಾಷೆ ಬಿಡಿ. ಯಾರನ್ನಾದ್ರೂ ನೋಡದೇ ನೀವು ಮಾಡೋರಲ್ಲ."

"ನಮ್ಮನೆ ಜಡ್ಜ್ ಸಾಹೇಬ್ರದ್ದು ಕಣಯ್ಯ. ಯಾಕೆ, ಅವರ ರುಜು ಬೇಕಾ?"

ರೆಕಾರ್ಡಿಸ್ಟ್ ನಗಲಿಲ್ಲ. "ಸಾಹೇಬ್ರು ಅಂದ್ರೆ ನಿಮ್ ನಾಯಿ ಅಲ್ವಾ? ನಮ್ಮಪ್ಪ ಕೊನೇ ವರ್ಷ ಹಿಂಗೇ ಕೆಮ್ತಿದ್ರು. ನಾವೆಲ್ಲ ಧೂಳು ಧೂಳು ಅಂತ ಮನೆ ಗುಡಿಸಿದ್ದೇ ಗುಡಿಸಿದ್ದು. ಆಮೇಲೆ ನೋಡಿದ್ರೆ ಎದೆಯೊಳಗೆ ನೀರು ತುಂಬ್ಕೊಂಡಿತ್ತು. ಆ ಕೊನೇ 'ಗಕ್' ಇದೆಯಲ್ಲ, ಅದನ್ನ ನಾನು ಎಲ್ಲಿದ್ರೂ ಗುರುತು ಹಿಡೀತೀನಿ." ಬಾಗಿಲ ಕಡೆ ತಿರುಗಿ, "ಒಂದ್ಸಲ ಕೇಳಿಸ್ತೀನಿ, ಬನ್ನಿ," ಎಂದ.

ಕರಡಿ, ಹಿಮ, ಗಾಳಿ, ಹಿನ್ನೆಲೆ ಸಂಗೀತ ಎಲ್ಲವನ್ನೂ ತೆಗೆದು ಕೆಮ್ಮೊಂದನ್ನೇ ಸ್ಪೀಕರಿನಲ್ಲಿ ಬಿಟ್ಟಾಗ ಗಿಳಿಗೆ ಮೊದಲು ಹೆಮ್ಮೆಯೇ ಆಯಿತು. ಥೇಟ್ ಹಾಗೇ ಬಂದಿದೆ! ಎರಡನೆಯ ಸಲಕ್ಕೆ ಆ ಹೆಮ್ಮೆ ಹೋಯಿತು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆ ಕೆಮ್ಮಿನ ಸುತ್ತ ದಿನಾ ತಾನೇ ಕಟ್ಟುತ್ತಿದ್ದ ಮಾತು ಇಲ್ಲವಾದ ಮೇಲೆ ಉಳಿದದ್ದು ಒಂದು ಪ್ರಾಣಿ, ಮತ್ತು ಅದಕ್ಕೆ ಸಾಲದ ಉಸಿರು.

ಸಾಹೇಬರೆಂದರೆ ವುಲ್ಫ್‌ಹೌಂಡ್. ತೋಳ ಹೊಡೆಯುವುದಕ್ಕೆಂದು ಹಳೆಯ ಕಾಲದ ದೊರೆಗಳು ಬೆಳೆಸಿದ ತಳಿ. ನಿಂತಲ್ಲೇ ಊಟದ ಮೇಜಿನ ಮೇಲೆ ಗದ್ದ ಇಡುವ ಎತ್ತರ, ಒರಟು ಬೂದುಗೂದಲು, ಕಣ್ಣಿನ ಮೇಲೆ ಪೊದೆ ಹುಬ್ಬು, ಕೆಳಗೆ ಗಡ್ಡ. ಈ ಆಕಾರ ನೋಡಿ ಹೆದರಿದವರು ಐದು ನಿಮಿಷವಾದ ಮೇಲೂ ಹೆದರಿಕೊಂಡೇ ಇದ್ದರೆ ಅದು ಅವರ ತಪ್ಪು. ತೋಳದ ಮಾತು ಹಾಗಿರಲಿ, ಮೆಟ್ಟಿಲ ಮೇಲೆ ಬೆಕ್ಕು ಎದುರಾದರೂ ಗೋಡೆಗಂಟಿ ದಾರಿ ಬಿಡುವ ಸ್ವಭಾವ. ಪ್ರೀತಿ ಉಕ್ಕಿದರೆ ಬಾಲವನ್ನು ಆಡಿಸುವುದು ಕಡಿಮೆ, ಬಂದು ಒರಗುವುದೇ ಹೆಚ್ಚು. ಒರಗಿಸಿಕೊಂಡವರಿಗೆ ಹಿಂದೆ ಒಂದು ಗೋಡೆ ಇದ್ದರೆ ಕ್ಷೇಮ. ಕಳ್ಳ ಬಂದರೂ ಅವನಿಗೊರಗಿ ಕಿವಿ ಕೆರೆಸಿಕೊಂಡಾನು ಎಂದು ಗಿಳಿಯ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳು.

ಮರಿ ಕೊಟ್ಟ ಮುದುಕಿ ಅದನ್ನು ಮಡಿಲಿನಿಂದ ಇಳಿಸುವ ಮುಂಚೆ ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಉದ್ದಕ್ಕೆ ಹೇಳಿದ್ದಳು. "ಇದು ನಿಧಾನಕ್ಕೆ ಬಲಿಯೋ ಜಾತಿ. ಮೂಳೆ ಗಟ್ಟಿಯಾಗೋವರೆಗೂ ಎತ್ಕೊಂಡೇ ಮೆಟ್ಲು ಇಳಿಸಿ. ಒಂದೇ ಸಲಕ್ಕೆ ಹೊಟ್ಟೆ ಬಿರಿಯ ಹಾಕಬೇಡಿ, ತಿಂದ ಮೇಲೆ ಓಡಿಸಬೇಡಿ, ಹೊಟ್ಟೆ ತಿರುಚಿಕೊಂಡ್ರೆ ಗಂಟೆಯೊಳಗೆ ಮುಗೀತು. ಮೊಣಕೈ ಚರ್ಮ ಒಡೆಯುತ್ತೆ, ಮೆತ್ತಗಿನದು ಹಾಸಿ. ವರ್ಷಕ್ಕೊಂದ್ಸಲ ಎದೆ ಪರೀಕ್ಷೆ ಮಾಡಿಸಿ, ಇವುಗಳಿಗೆ ಹೃದಯವೇ ಕೈಕೊಡೋದು. ಮೈ ದೊಡ್ಡದು, ಆಯಸ್ಸು ಚಿಕ್ಕದು. ಏಳೆಂಟು ವರ್ಷ ಬಾಳಿದ್ರೆ ಬಹಳ. ಅದಕ್ಕೆ ಒಪ್ಪಿಗೆ ಇದ್ರೆ ತಗೊಂಡ್ಹೋಗಿ." ಗಂಡ ಹೆಂಡತಿ ಇಬ್ಬರೂ ತಲೆ ಆಡಿಸಿದ್ದರು. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ್ದರು ಕೂಡ, ಎದೆಯ ವಿಷಯವೊಂದನ್ನು ಬಿಟ್ಟು. ಅದನ್ನು ಮೊದಲೆರಡು ವರ್ಷ ಮಾಡಿಸಿ, ಆಮೇಲೆ ಕೈಬಿಟ್ಟಿದ್ದರು.

ಕೈಬಿಟ್ಟದ್ದಕ್ಕೂ ಸಾಹೇಬರದೇ ಒಂದು ತೀರ್ಪು ಇತ್ತು: "ಪೀಠವು ಗಟ್ಟಿಮುಟ್ಟಾಗಿದೆ, ತಪಾಸಣೆ ಅನಗತ್ಯ." ಮರಿ ಬಂದ ಹೊಸದರಲ್ಲಿ ಯಾವುದೋ ಜಗಳದ ನಡುವೆ, ಮೇಜಿನ ಮೇಲೆ ಗದ್ದವಿಟ್ಟು ಇಬ್ಬರನ್ನೂ ಸರದಿಯಂತೆ ನೋಡುತ್ತಿದ್ದ ಆ ಹುಬ್ಬುಗಳನ್ನು ಕಂಡು ಗಿಳಿ ತಟ್ಟನೆ ಮೂಗಿನಿಂದ ಒಂದು ದನಿ ತೆಗೆದಿದ್ದ. "ವಾದಿ ಪ್ರತಿವಾದಿಗಳಿಬ್ಬರೂ ಕಿರುಚುವುದನ್ನು ನಿಲ್ಲಿಸತಕ್ಕದ್ದು." ಅವಳಿಗೆ ಸಿಟ್ಟಿನ ಮೇಲೇ ನಗು ಬಂದು, "ಮಹಾಸ್ವಾಮಿ, ಪಾತ್ರೆ ತೊಳೆಯದವನು ಪ್ರತಿವಾದಿ," ಎಂದಿದ್ದಳು. ಅಂದಿನಿಂದ ಆ ಮನೆಗೆ ನ್ಯಾಯಾಲಯವಲ್ಲ, ನಾಯಾಲಯ ಎಂದು ಹೆಸರು ಬಿತ್ತು, ಹೆಸರಿಟ್ಟವಳು ಅವಳೇ. ಕ್ಷಮಿಸು ಎಂಬ ಮಾತು ಬಳಕೆ ತಪ್ಪಿಹೋಯಿತು. ಅದರ ಬದಲಿಗೆ ದಂಡ ಬಂತು: ತಪ್ಪಿತಸ್ಥರು ಚಹಾ ಮಾಡತಕ್ಕದ್ದು. ರೇಡಿಯೋದ ಕಾಯಂ ಕೆಲಸ ಬಿಡುತ್ತೇನೆಂದು ಅವನು ಹೇಳಿದ್ದೂ ಸಾಹೇಬರ ಬಾಯಲ್ಲೇ. ಅವಳು ಮೂರು ರಾತ್ರಿ ನಿದ್ದೆ ಮಾಡಿಲ್ಲವೆಂದು ತಿಳಿಸಿದ್ದೂ ಸಾಹೇಬರಿಗೆ ಸಲ್ಲಿಸಿದ ಅಹವಾಲಿನಲ್ಲೇ. ನೇರವಾಗಿ ಆಡಿದರೆ ಹರಿತವಾಗುವ ಮಾತುಗಳೆಲ್ಲ ಆ ಗಡ್ಡದ ಮೂಲಕ ಹಾದು ಮೊಂಡಾಗಿ ಬರುತ್ತಿದ್ದವು.

ಹಾಗಾಗಿ ನಾಯಿ ಮೊದಲ ಸಲ ಎರಡನೆಯ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟಾಗ, "ವಿಚಾರಣೆಯನ್ನು ಮುಂದೂಡಲಾಗಿದೆ," ಎಂದಿದ್ದ ಗಿಳಿ. ಊಟ ಅರ್ಧ ಬಿಟ್ಟಾಗ, "ಸಾಕ್ಷ್ಯ ತೃಪ್ತಿಕರವಾಗಿಲ್ಲ." ಪಾರ್ಕಿನ ಗೇಟಿನಲ್ಲೇ ಮಲಗಿದಾಗ, "ಸ್ಥಳ ಪರಿಶೀಲನೆ ಮುಗಿಯಿತು." ಡಾಕ್ಟರ ಹತ್ತಿರ ಹೋಗೋಣವೆಂದು ಹೆಂಡತಿ ತಿಂಗಳುಗಳ ಹಿಂದೆ ಅಂದಾಗ, "ತಡೆಯಾಜ್ಞೆ ಇದೆ." ಅವಳು ನಕ್ಕಿದ್ದಳು. ಕಟ್ಟಡದವರೂ ನಗುತ್ತಿದ್ದರು. ಸೋಮಾರಿ ಜಡ್ಜ್ ಎಂದರೆ ಅಕ್ಕಪಕ್ಕದ ಮೂರು ಬೀದಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ಗಿಳಿ ನಿಂತೇ ಬಂದ. ಒಂದು ಸ್ಟಾಪ್ ಮುಂಚೆ ಇಳಿದ, ನಡೆದರೆ ಬೇಗ ಎನಿಸಿತು. ನಡೆಯತೊಡಗಿದರೆ ಬಸ್ಸೇ ವಾಸಿಯಿತ್ತು ಎನಿಸಿತು. ಬಾಗಿಲು ತೆಗೆದಾಗ ನಾಯಿ ಹಾಸಿಗೆಯಿಂದ ಎದ್ದು, ಉಗುರು ಟಕಟಕ ಎನಿಸುತ್ತ ಬಂದು ಅವನ ತೊಡೆಗೆ ಒರಗಿತು. ಅದನ್ನು ಹೊರಗೆ ಕರೆದುಕೊಂಡು ಹೋದ. ಹೋಗುವಾಗ ಏನೂ ಇಲ್ಲ. ಬರುವಾಗ ಮೊದಲ ಮಹಡಿಯಲ್ಲಿ ನಿಂತಿತು. ಅವನ ಗಂಟಲಿಗೆ ಸಾಹೇಬರ ಮಾತು ತಾನಾಗಿ ಬಂತು. ಹಲ್ಲು ಕಚ್ಚಿ ಹಿಡಿದುಕೊಂಡ. ಮಾತು ಬಾರದೆ ಹೋದದ್ದರಿಂದ ನೋಡುವುದಷ್ಟೇ ಉಳಿಯಿತು. ಮುಂಗಾಲುಗಳು ಅಗಲಕ್ಕೆ ಊರಿದ್ದವು. ಮೊಣಕೈ ಹೊರಚಾಚಿತ್ತು. ಪಕ್ಕೆಯ ಕೂದಲಿನ ಕೆಳಗೆ ಎಲುಬುಗಳು ಒಂದೊಂದಾಗಿ ಎಣಿಸಲು ಸಿಗುತ್ತಿದ್ದವು. ಈ ಉದ್ದ ಕೂದಲು ಎಷ್ಟು ದಿನದಿಂದ ಇದನ್ನು ಮುಚ್ಚಿಟ್ಟಿತ್ತೋ. ಒಸಡು ಬೆಳ್ಳಗಿತ್ತು. ನಾಯಿ ಮೇಲಿನ ಮೆಟ್ಟಿಲುಗಳನ್ನು ನೋಡುತ್ತಿತ್ತು, ಸೋಮಾರಿಗಳು ನೋಡುವ ಹಾಗಲ್ಲ, ದೊಡ್ಡ ಕೆಲಸವೊಂದನ್ನು ಹೇಗೆ ಮುಗಿಸಲಿ ಎಂದು ಲೆಕ್ಕ ಹಾಕುವವರ ಹಾಗೆ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮುಗಿಸಿ ಬಂದಾಗ ಸಂಜೆಯಾಗಿತ್ತು. ಬೆರಳ ತುದಿಗಳಲ್ಲಿ ಇನ್ನೂ ಬಿಳಿಯ ಪುಡಿ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಗಿಳಿ ಅಡುಗೆಮನೆಗೂ ಬಾಗಿಲಿಗೂ ನಾಲ್ಕೈದು ಸಲ ಓಡಾಡಿದ್ದ.

"ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದೀರಾ?"

ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಮೂಗಿನ ದನಿ. "ವಕೀಲರೇ, ಈ ಪೀಠಕ್ಕೆ ಹೃದಯದ ತೊಂದರೆ ಇರುವಂತೆ ಕಾಣುತ್ತದೆ."

ಅವಳು ನಕ್ಕುಬಿಟ್ಟಳು. "ಯಾರಪ್ಪಾ ಆ ಪುಣ್ಯಾತ್ಗಿತ್ತಿ? ಕೆಳಗಿನ ಮನೆ ಬಿಳಿ ಪಾಮೆರೇನಿಯನ್ನಾ? ಸ್ಟೂಲು ಹಾಕ್ಕೊಡಬೇಕಾಗುತ್ತೆ ಅದಕ್ಕೆ."

"ಅಲ್ಲ," ಎಂದ. ಅದೂ ಅರ್ಧ ಮೂಗಿನಲ್ಲೇ ಬಂತು. ಕೆಮ್ಮಿದ, ನೀರು ಕುಡಿದ. ಸಾವಿರ ಜನರ ದನಿ ಇಟ್ಟುಕೊಂಡವನಿಗೆ ತನ್ನದು ಎಲ್ಲಿಟ್ಟಿದ್ದೇನೆಂದು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಒಡೆದ, ತೆಳ್ಳನೆಯದೊಂದು. "ಅದು ಸೋಮಾರಿ ಅಲ್ಲ ಕಣೇ. ಅದಕ್ಕೆ ಆಗ್ತಿಲ್ಲ."

ಅವಳು ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಹಾಗೇ ಕೂತಳು.

ಬೆಳಿಗ್ಗೆ ಡಾಕ್ಟರರ ಕೋಣೆಯಲ್ಲಿ ನಾಯಿ ಮೇಜಿನ ಮೇಲೆ ಹಿಡಿಸಲಿಲ್ಲ. ನೆಲದ ಮೇಲೇ ಚಾಪೆ ಹಾಸಿ ಮಲಗಿಸಿದರು. ಡಾಕ್ಟರು ಗಿಳಿಗಿಂತ ಬಹಳ ಚಿಕ್ಕ ವಯಸ್ಸಿನವರು, ಅವರೂ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿದರು. ಪಕ್ಕೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ಸ್ಕ್ಯಾನಿನ ಪರದೆಯ ಮೇಲೆ ಒಳಗಿನದ್ದನ್ನೆಲ್ಲ ನೋಡಿದರು. ಕಪ್ಪು ಬಿಳುಪಿನ ಮಂಜಿನಲ್ಲಿ ಒಂದು ದೊಡ್ಡ ಚೀಲ, ಗಾಳಿ ಹೋದ ಬಲೂನಿನ ಹಾಗೆ ಸಡಿಲವಾಗಿ, ಮುದುರಲಾರದೆ ಮುದುರುತ್ತಿತ್ತು.

"ಹೃದಯ ಹಿಗ್ಗಿದೆ," ಎಂದರು. "ಹೃದಯ ಹಿಗ್ಗೋದು ಅಂದ್ರೆ ಸಂತೋಷ ಅಂದ್ಕೋತೀವಿ ನಾವು. ಇಲ್ಲಿ ಹಾಗಲ್ಲ. ಗೋಡೆ ತೆಳುವಾಗಿ, ಒತ್ತೋ ಶಕ್ತಿ ಹೋಗುತ್ತೆ. ಲಯಾನೂ ತಪ್ಪಿದೆ. ಎದೆಯಲ್ಲಿ ನೀರು ನಿಂತಿದೆ. ಈ ತಳಿಯಲ್ಲಿ ಇದು ಬಹಳ. ವರ್ಷಾವರ್ಷ ನೋಡ್ತಿದ್ರೆ ಲಯ ತಪ್ಪೋದು ಮೊದಲೇ ಸಿಗುತ್ತೆ. ಮೆಟ್ಲಲ್ಲಿ ನಿಲ್ಲೋದು ಎಷ್ಟು ದಿನದಿಂದ?"

"ಅವನು ಮೊದಲಿಂದ ಸ್ವಲ್ಪ ಸೋಮಾರಿ," ಎಂದಳು ಹೆಂಡತಿ, ಅಭ್ಯಾಸಬಲದಿಂದ.

"ಯಾರು ಹೇಳಿದ್ದು?"

ಡಾಕ್ಟರು ಸುಮ್ಮನೆ ಕೇಳಿದ್ದರು. ಪಾಟೀಸವಾಲು ಮಾಡುವ ಉದ್ದೇಶ ಅವರಿಗಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನು ಗೋಡೆಗೆ ಅಂಟಿಸಿದ್ದ ನಾಯಿಯ ಅಸ್ಥಿಪಂಜರದ ಚಿತ್ರವನ್ನು ಓದುವವನ ಹಾಗೆ ನೋಡತೊಡಗಿದ.

"ಕೇಳ್ತೀರಾ?" ಎಂದು ಡಾಕ್ಟರು ಸ್ಟೆತಸ್ಕೋಪನ್ನು ಅವನಿಗೆ ಕೊಟ್ಟರು. ಕಿವಿಗಿಟ್ಟುಕೊಂಡ. ಬಿಸಿಲಿಗೆ ಕಾದ ತಗಡಿನ ಮೇಲೆ ಬೀಳುವ ಮೊದಲ ಹನಿಗಳ ಹಾಗಿತ್ತು: ಒಂದು ಬಿತ್ತು, ಆಮೇಲೆ ನಾಲ್ಕೈದು ಒಟ್ಟಿಗೆ, ಆಮೇಲೆ ಏನೂ ಇಲ್ಲ, ನಿಂತೇಹೋಯಿತೇನೋ ಎನ್ನುವಷ್ಟರಲ್ಲಿ ಮತ್ತೊಂದು. ಕೇಳಿದ್ದನ್ನೆಲ್ಲ ಆಡಿ ತೋರಿಸುವ ನಾಲಿಗೆ ಅವನದು. ಬಾಯೊಳಗೇ ಹಿಡಿಯಲು ನೋಡಿದ. ಮುಂದಿನದು ಯಾವಾಗ ಎಂದು ಗೊತ್ತಿಲ್ಲದ್ದನ್ನು ಅನುಕರಿಸುವುದು ಹೇಗೆ?

"ಮಾತ್ರೆ ಕೊಡ್ತೀನಿ. ನೀರು ಇಳಿಸೋದಕ್ಕೆ ಒಂದು, ಲಯಕ್ಕೊಂದು, ಹೃದಯಕ್ಕೆ ಬಲ ಬರೋದಕ್ಕೊಂದು. ಚೆನ್ನಾಗಿ ನೋಡ್ಕೊಂಡ್ರೆ ತಿಂಗಳುಗಳು ಸಿಗುತ್ತೆ, ಕೆಲವಕ್ಕೆ ವರ್ಷ ದಾಟಿದ್ದೂ ಇದೆ. ಆದ್ರೆ ನೀರಿಳಿಸೋ ಮಾತ್ರೆ ಅಂದ್ಮೇಲೆ ಹೊರಗೆ ಮತ್ತೆ ಮತ್ತೆ ಹೋಗಬೇಕಾಗುತ್ತೆ. ನಿಮ್ಮ ಮನೆ ಎಷ್ಟನೇ ಮಹಡಿ?"

"ಮೂರು."

"ಲಿಫ್ಟು?"

ಗಿಳಿ ತಲೆ ಅಲ್ಲಾಡಿಸಿದ.

"ಹಾಗಾದ್ರೆ ಆಗಲ್ಲ," ಎಂದರು ಡಾಕ್ಟರು. "ಮೆಟ್ಲು ಇನ್ನು ಆಗೋದೇ ಇಲ್ಲ."

ಅವತ್ತು ಎದೆಯ ನೀರನ್ನು ಸೂಜಿಯಿಂದ ತೆಗೆದು ನಾಯಿಯನ್ನು ಅಲ್ಲೇ ಉಳಿಸಿಕೊಂಡರು. ಮಾರನೆಯ ದಿನ ಡಾಕ್ಟರ ಕಡೆಯವರೇ ಸ್ಟ್ರೆಚರಿನಲ್ಲಿ ಮೇಲೆ ತಂದು ಬಿಟ್ಟು, ಇದೇ ಮೊದಲು ಇದೇ ಕೊನೆ ಎನ್ನುವ ಮುಖ ಮಾಡಿ ಬೆವರು ಒರೆಸಿಕೊಂಡು ಹೋದರು. ಅಡುಗೆಮನೆಯಲ್ಲಿ ಹೆಂಡತಿ ಮಾತ್ರೆಯನ್ನು ಬೇಯಿಸಿದ ಮಾಂಸದ ತುಂಡಿಗೆ ಹುದುಗಿಸುತ್ತ, ಬೆನ್ನು ತಿರುಗಿಸಿಕೊಂಡೇ, "ಅಕ್ಕನಿಗೆ ಫೋನ್ ಮಾಡಿದ್ದೆ," ಎಂದಳು.

ಅವಳ ಅಕ್ಕ ಊರಿನ ಇನ್ನೊಂದು ತುದಿಯಲ್ಲಿ ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊಲಿದು ಕೂರಿಸುವ ವರ್ಕ್‌ಶಾಪ್ ನಡೆಸುತ್ತಿದ್ದಳು. ವರ್ಕ್‌ಶಾಪೇ ಮನೆ. ಎಲ್ಲ ನೆಲದ ಮಟ್ಟದಲ್ಲಿ, ಹಿಂದೆ ಸಣ್ಣದೊಂದು ಅಂಗಳ.

"ನಾಯಿನ ಇಲ್ಲಿಗೇ ಕಳಿಸು, ನಾನಿಟ್ಕೋತೀನಿ ಅಂದ್ಲು. ನಾಳೆ ಗಾಡಿ ತರ್ತಾಳಂತೆ."

ಗಿಳಿ ಬಾಗಿಲಿಗೆ ಒರಗಿದ, ಬಿಟ್ಟ, ಮತ್ತೆ ಒರಗಿದ. ನಾಯಿ ಹಾಸಿಗೆಯಲ್ಲಿ ತಲೆ ಎತ್ತಿ ಇಬ್ಬರನ್ನೂ ನೋಡುತ್ತಿತ್ತು. ಸಾಹೇಬರು ಮಾತಾಡಿದರು: "ಈ ಪೀಠವು ಮೂರನೆಯ ಮಹಡಿಯಲ್ಲೇ ಇರತಕ್ಕದ್ದು. ವರ್ಗಾವಣೆಗೆ ಪೀಠದ ಸಮ್ಮತಿ ಇರುವುದಿಲ್ಲ. ಆರೋಪಿಯು ಪೀಠವನ್ನು ಹೊತ್ತುಕೊಂಡು—"

"ಸಾಕು."

"—ದಿನಕ್ಕೆ ಎಷ್ಟು ಸಲ ಬೇಕಾದರೂ—"

"ಸಾಕು ಅಂದ್ನಲ್ಲ!" ಮಾಂಸದ ತುಂಡು ತಟ್ಟೆಗೆ ಬಿತ್ತು. "ಅದರ ಬಾಯಿಗೆ ನಿಮ್ಮ ಮಾತು ತುರುಕಬೇಡಿ. ಅದು ಅಲ್ಲಿ ಹೋಗಲ್ಲ ಅಂದಿಲ್ಲ. ಇಲ್ಲಿರ್ತೀನಿ ಅಂತಾನೂ ಅಂದಿಲ್ಲ. ಅದು ಒಂದು ಮಾತೂ ಆಡಿಲ್ಲ ರೀ, ಇಷ್ಟು ವರ್ಷದಲ್ಲಿ ಒಂದೇ ಒಂದು!"

"ನೀನೂ ನಗ್ತಿದ್ದೆ."

"ನಗ್ತಿದ್ದೆ." ಅವಳು ಈಗ ತಿರುಗಿದಳು. "ಇಡೀ ದಿನ ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ರೂ ಕಂಡುಹಿಡೀತೀನಿ. ಮನೇಲಿ ಇಷ್ಟು ದೊಡ್ಡದು ಕಣ್ಮುಂದೆ ಸವೀತಿತ್ತು, ಕಾಣಲಿಲ್ಲ. ಕಾಣಲಿಲ್ಲ ಅಂತಲ್ಲ, ಕಂಡ ತಕ್ಷಣ ನೀವೇನೋ ಅಂದ್ರಿ, ನಾನು ನಕ್ಕೆ, ಮುಗೀತು. ನಂಗೂ ಅದೇ ಸುಲಭ ಆಗಿತ್ತು."

ಗಿಳಿ ಉತ್ತರಕ್ಕಾಗಿ ನಾಯಿಯ ಕಡೆ ನೋಡಿದ. ಅದು ತಟ್ಟೆಗೆ ಬಿದ್ದ ಮಾಂಸವನ್ನು ನೋಡುತ್ತಿತ್ತು.

"ಹೋದ್ರೆ ನಾವು..." ಎಂದು ಶುರುಮಾಡಿ ನಿಲ್ಲಿಸಿದ.

"ಏನು ನಾವು?"

ನಾಯಿ ಇಲ್ಲದ ಈ ಎರಡು ಕೋಣೆಗಳಲ್ಲಿ ಒಂದು ಮಾತು ಅವನ ಬಾಯಿಂದ ಹೊರಟು ಅವಳ ಕಿವಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅವಳು ಮಾಂಸವನ್ನು ಎತ್ತಿ, ಒಳಗೆ ಮಾತ್ರೆ ಇದೆಯೇ ಎಂದು ಅದುಮಿ ನೋಡಿ, ನಾಯಿಗೆ ತಿನ್ನಿಸಿದಳು. ಆಮೇಲೆ ಇಬ್ಬರಲ್ಲಿ ಯಾರೂ ಚಹಾ ಮಾಡಲಿಲ್ಲ.

ಅಕ್ಕ ಬಂದದ್ದು ಸೋಫಾ ಹೊರುವ ಅಗಲ ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು. ಗಟ್ಟಿ ಆಳು, ಅವಳ ಬೆರಳುಗಳಿಗೆ ಮೊಳೆಯ ತಲೆಗಳಂಥ ಗಂಟುಗಳಿದ್ದವು. ಹೊದಿಕೆಯ ಮೇಲೆ ನಾಯಿಯನ್ನು ಮಲಗಿಸಿ, ಕೆಳಗೆ ಪಟ್ಟಿ ಹಾಯಿಸಿ, "ಗಿಳಿರಾಯರೇ, ನೀವು ತಲೆ ಕಡೆ. ಅವಳು ನಡು. ಬಾಲ ನಂದು," ಎಂದು ಪಾಲು ಹಂಚಿದಳು. "ಸೊಂಟದಿಂದ ಎತ್ತಬೇಡಿ, ಮಂಡಿಯಿಂದ ಎತ್ತಿ. ಹೂಂ, ಏಳಿ!"

ಮೆಟ್ಟಿಲ ತಿರುವು ಬಂದಾಗಲೆಲ್ಲ ಅವಳು ಸೋಫಾ ತಿರುಗಿಸುವ ಹಾಗೆಯೇ ಓರೆ ಮಾಡಿಸಿ ದಾಟಿಸಿದಳು. ನಾಯಿ ಒದ್ದಾಡಲಿಲ್ಲ. ಹೀಗೆ ಹೊತ್ತುಕೊಂಡು ಹೋಗುವುದು ತನಗೆ ಸಲ್ಲಬೇಕಾದ್ದೇ ಎಂಬಂತೆ ಸುತ್ತಲೂ ನೋಡುತ್ತ, ಗಿಳಿಯ ಮುಖ ಹತ್ತಿರ ಸಿಕ್ಕಿದಾಗ ಒಮ್ಮೆ ಉದ್ದಕ್ಕೆ ನೆಕ್ಕಿತು.

"ಸೋಫಾ ಇದಕ್ಕಿಂತ ಭಾರ," ಎಂದಳು ಅಕ್ಕ ಏದುತ್ತ, "ಆದ್ರೆ ಒಂದ್ ಸೋಫಾನೂ ಇದುವರೆಗೆ ಮುಖ ನೆಕ್ಕಿಲ್ಲ ಬಿಡಿ."

ಮೊದಲ ಮಹಡಿಯಲ್ಲಿ ಬಾಗಿಲು ತೆಗೆದು ನಿಂತ ಮುದುಕರು ಎಂದಿನ ಸಲಿಗೆಯಿಂದ ಕೇಳಿದರು: "ಏನ್ ಸಾಹೇಬ್ರೇ, ಟ್ರಾನ್ಸ್‌ಫರ್ರಾ? ಪಲ್ಲಕ್ಕಿ ಬೇರೆ!" ಹಾಗೆ ಕೇಳಿ, ನಾಯಿಯನ್ನಲ್ಲ, ಗಿಳಿಯ ತುಟಿಯನ್ನು ನೋಡುತ್ತ ಕಾದರು. ನಗಲು ಮುಖ ಆಗಲೇ ಸಜ್ಜಾಗಿತ್ತು. ಗಿಳಿಯ ನಾಲಿಗೆಯ ತುದಿಗೆ ಎರಡು ಮೂರು ಉತ್ತರ ಬಂದು ಸಾಲಾಗಿ ನಿಂತವು, ಎಲ್ಲ ಒಳ್ಳೆಯವೇ. ಅವನು ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಂಡು, "ಹುಷಾರಿಲ್ಲ ಅದಕ್ಕೆ," ಎಂದ. ಮುದುಕರ ಮುಖ ಎಲ್ಲಿ ಹೋಗಬೇಕೆಂದು ತಿಳಿಯದೆ ತೊಳಲಿ, ಕೊನೆಗೆ ಬಾಗಿಲ ಹಿಂದೆ ಸರಿಯಿತು.

ವರ್ಕ್‌ಶಾಪಿನಲ್ಲಿ ಅಂಟಿನ, ಹೊಸ ಬಟ್ಟೆಯ, ಗರಗಸಕ್ಕೆ ಸಿಕ್ಕ ಮರದ ವಾಸನೆ. ಅಸ್ಥಿ ಮಾತ್ರ ಉಳಿದ ಕುರ್ಚಿಗಳು ಸಾಲಾಗಿ ಸ್ಪ್ರಿಂಗು ತೋರಿಸುತ್ತ ನಿಂತಿದ್ದವು. ನಾಯಿಯನ್ನು ಇಳಿಸಿದಾಗ ಅದು ಮೈ ಕೊಡವಿ, ನಿಧಾನಕ್ಕೆ ಒಂದೊಂದೇ ಕುರ್ಚಿಯನ್ನು ಮೂಸಿತು. ಹಿಂದಿನ ಅಂಗಳಕ್ಕೆ ತಾನೇ ದಾರಿ ಹುಡುಕಿಕೊಂಡು ಹೋಗಿ, ಗೋಡೆ ಬದಿಯಲ್ಲಿ ಕಾಲೆತ್ತಿ ಬಂತು. ಒಂದೂ ಮೆಟ್ಟಿಲಿಲ್ಲದ ದಾರಿ. ಗಂಡ ಹೆಂಡತಿ ಇಬ್ಬರೂ ಅದನ್ನು ಹೊಸದೊಂದು ವಿದ್ಯೆಯೆಂಬಂತೆ ನೋಡಿದರು.

ಅಕ್ಕ ಟೇಪು ತೆಗೆದು, ಗದ್ದದಿಂದ ಬಾಲದ ಬುಡದವರೆಗೆ ಅಳೆದಳು. "ಅಯ್ಯೋ, ಮೂರು ಜನ ಕೂರೋ ಸೋಫಾ ಕಣೇ ಇದು!" ಗೋಡೆಗೆ ನಿಲ್ಲಿಸಿದ್ದ ಫೋಮಿನ ಹಲಗೆಗಳನ್ನು ಒಂದೊಂದಾಗಿ ಹೆಬ್ಬೆರಳಿಂದ ಅದುಮಿ, ಎರಡನ್ನು ಆರಿಸಿ, ಉದ್ದ ಚೂರಿಯಿಂದ ಸರ್ರನೆ ಕೊಯ್ದು ನೆಲಕ್ಕೆ ಹಾಕಿದಳು. ಒಂದು ಗಟ್ಟಿ, ಒಂದು ಮೆತ್ತನೆಯದು. ಒಂದನ್ನು ಕಿಟಕಿಯ ಕೆಳಗೆ, ಇನ್ನೊಂದನ್ನು ತನ್ನ ಕೆಲಸದ ಮೇಜಿನ ಬದಿಗೆ. ಕೈ ಕೊಡವಿಕೊಂಡು ನಾಯಿಯ ಎದುರು ಮಂಡಿಯೂರಿ, "ಏನಪ್ಪಾ, ಯಾವುದು ಬೇಕು? ಹೇಳು," ಎಂದಳು. ಕೇಳಿ, ಅವಳೂ ತಲೆ ಎತ್ತಿ ಗಿಳಿಯ ಕಡೆ ತಿರುಗಿದಳು. ಇಷ್ಟು ವರ್ಷ ಈ ನಾಯಿಯನ್ನು ಮಾತಾಡಿಸಿದವರೆಲ್ಲ ಹಾಗೆಯೇ ಮಾಡಿದ್ದು.

ಹೆಂಡತಿ ಅವನನ್ನು ನೋಡಲಿಲ್ಲ. ಬ್ಯಾಗಿನ ಹಿಡಿಯನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

ಗಿಳಿ ತುಟಿಯನ್ನು ಒಳಕ್ಕೆ ಕಚ್ಚಿಕೊಂಡ. ಅಕ್ಕನ ಹುಬ್ಬು ಏರಿತು. ಏನೋ ಕೇಳಹೊರಟವಳು ತಂಗಿಯ ಮುಖ ನೋಡಿ, ನಾಯಿಗೆ ದಾರಿ ಬಿಟ್ಟು ಮಂಡಿಯಲ್ಲೇ ಪಕ್ಕಕ್ಕೆ ಸರಿದಳು.

ನಾಯಿ ಕಿಟಕಿಯ ಕೆಳಗಿನ ಗಟ್ಟಿ ಫೋಮನ್ನು ಮೂಸಿತು. ಮೇಜಿನ ಬದಿಯ ಮೆತ್ತನೆಯದರ ಮೇಲೆ ಒಂದು ಮುಂಗಾಲು ಇಟ್ಟು, ಅದು ಕುಸಿದದ್ದಕ್ಕೆ ಬೇಸರಗೊಂಡಂತೆ ತೆಗೆಯಿತು. ಅಲ್ಲಿಂದ ಎರಡನ್ನೂ ದಾಟಿ ಅಂಗಳದ ಬಾಗಿಲಿಗೆ ನಡೆಯಿತು. ಹೊಸ್ತಿಲಿಲ್ಲದ ಬಾಗಿಲು, ತಣ್ಣನೆಯ ಸಿಮೆಂಟು, ಹೊರಗಿನಿಂದ ಗಾಳಿ. ಎರಡು ಸುತ್ತು ತಿರುಗಿ, ಮೊದಲು ಹಿಂಭಾಗ, ಆಮೇಲೆ ಮೊಣಕೈ, ಆಮೇಲೆ ಉಳಿದದ್ದೆಲ್ಲವನ್ನೂ ಕಂತು ಕಂತಾಗಿ ಇಳಿಸಿ, ಬಾಗಿಲಿಗೆ ಅಡ್ಡವಾಗಿ ಮಲಗಿತು.

"ನನ್ನ ಫೋಮಿಗೆ ಮೂರು ಕಾಸಿನ ಮರ್ಯಾದೆ ಇಲ್ಲ," ಎಂದಳು ಅಕ್ಕ. ಎದ್ದು, ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಗಿಳಿ ಸಿಮೆಂಟಿನ ಮೇಲೆ ನಾಯಿಯ ಬೆನ್ನ ಬದಿಗೆ ಕೂತ. ಅದು ತಿರುಗಿ ನೋಡಲಿಲ್ಲ. ಬೆನ್ನನ್ನು ಮಾತ್ರ ಹಿಂದಕ್ಕೆ ಸರಿಸಿ ಅವನ ತೊಡೆಗೆ ಒರಗಿಸಿತು. ಹೆಂಡತಿ ಇನ್ನೂ ನಿಂತೇ ಇದ್ದಳು.

"ಕೊನೇ ಬಸ್ಸು ಸಂಜೆಗೇ ಇರೋದು ಇಲ್ಲಿಂದ," ಎಂದಳು. "ನಾನು ಹೊರಡ್ತೀನಿ. ನೀವು ಇವತ್ತು ಇದ್ದು ಬನ್ನಿ. ಮಾತ್ರೆ ಇಲ್ಲಿಟ್ಟಿರ್ತೀನಿ."

ಅವನು ಹೂಂ ಎಂದ. ಅವಳು ಮಾತ್ರೆ ತೆಗೆದು ಕಿಟಕಿಯ ಮೇಲಿಟ್ಟಳು. ಬ್ಯಾಗನ್ನು ಭುಜಕ್ಕೆ ಹಾಕಿಕೊಂಡಳು. ನಾಲ್ಕು ಹೆಜ್ಜೆ ನಡೆದಿದ್ದಳು.

"ನೀನೂ ಇರು."

ಅವಳು ನಿಂತಳು. ಯಾರ ದನಿ ಅದು ಎಂದು ಅವನಿಗೇ ಅನುಮಾನವಾಯಿತು. ಏರಿಲ್ಲ, ಇಳಿದಿಲ್ಲ, ಯಾವ ವೇಷವೂ ಇಲ್ಲದ ಬೋಳು ದನಿ. ಯಾವ ಸ್ಟುಡಿಯೋದವರೂ ಅದಕ್ಕೆ ಕೆಲಸ ಕೊಡುತ್ತಿರಲಿಲ್ಲ.

"ಯಾರು ಹೇಳ್ತಿರೋದು ಇದನ್ನ?" ಎಂದಳು, ತಿರುಗದೆ.

"ನಾನೇ."

ಒಳಗೆ ಅಕ್ಕ ಪಾತ್ರೆ ಹುಡುಕುವ ಸದ್ದು. ಅವಳು ಬ್ಯಾಗನ್ನು ಒಂದು ಅಸ್ಥಿಪಂಜರದ ಕುರ್ಚಿಯ ಮೇಲಿಟ್ಟಳು. ಅದು ಸ್ಪ್ರಿಂಗುಗಳ ನಡುವೆ ಜಾರಿ ನೆಲಕ್ಕೆ ಬಿತ್ತು, ಅವಳು ಎತ್ತಲಿಲ್ಲ. ನಾಯಿಯ ಇನ್ನೊಂದು ಬದಿಗೆ ಬಂದು ಕಾಲು ಮಡಚಿ ಕೂತಳು. ಬೋಳಿಸಿದ ಪಕ್ಕೆಯ ಮೇಲೆ, ಗುಲಾಬಿ ಚರ್ಮದ ಆ ಚೌಕದ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವನೂ ಕೈ ಚಾಚಿ ಅವಳ ಕೈಯ ಪಕ್ಕದಲ್ಲೇ ಇಟ್ಟ.

ಒಂದು. ಆಮೇಲೆ ಮೂರ್ನಾಲ್ಕು ಒಟ್ಟಿಗೆ. ಆಮೇಲೆ ಏನೂ ಇಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ಮುಂದಿನದಕ್ಕೆ ಕಾದರು. ಸಿಮೆಂಟಿನ ಮೇಲೆ ನಾಯಿಯ ಮೂಗಿನ ಮುಂದೆ ಫೋಮಿನ ಒಂದು ಹಳದಿ ಚೂರು ಬಿದ್ದಿತ್ತು. ಉಸಿರಿಗೆ ಅದು ಹಗುರಾಗಿ ಆಚೆ ಸರಿಯಿತು, ನಿಂತಿತು, ಮತ್ತೆ ಈಚೆ ಬಂತು.